ತುಸು ವಾರೆ

ಗಾಜಿನ ಮೇಲೆ ಹೆಬ್ಬೆರಳಿನ ಎಣ್ಣೆ ಇದ್ದರೆ ಸಾಕು,
ಬೀದಿದೀಪಕ್ಕೆ ಬಾಲ ಬರುತ್ತದೆ.
ಉಸಿರು ಊದು, ಹಳೇ ಪಂಚೆಯ ಚೂರಿನಿಂದ ಒರೆಸು.
ಸೂರ್ಯ ಎದುರಿದ್ದರೆ ಎಡಗೈ ಮೇಲೆ ಹಿಡಿ,
ದೂರದ ಬಸ್ಸಿನ ಬೋರ್ಡು ಓದುವಾಗ
ಹುಬ್ಬಿಗೆ ಹಿಡಿಯುತ್ತೀಯಲ್ಲ, ಹಾಗೆ.
ಆಗಲೂ ಗೆರೆ ಹೋಗದಿದ್ದರೆ
ಒಂದು ಹೆಜ್ಜೆ ನೀನೇ ಸರಿ. ಸೂರ್ಯ ಸರಿಯುವುದಿಲ್ಲ.

ಇಷ್ಟೇ ಸೋದರಮಾವ ಕಲಿಸಿದ್ದು,
ಹಟ್ಟಿ ಕ್ಯಾಂಪಿನ ಬಸ್‌ಸ್ಟ್ಯಾಂಡಿನ ಹಿಂದೆ,
ಪಾಸ್‌ಪೋರ್ಟ್ ಫೋಟೋ ಎಂಟಕ್ಕೆ ಐವತ್ತರ
ಎರಡಂಕಣದ ಅಂಗಡಿಯಲ್ಲಿ.
ಉಳಿದದ್ದು ಕಲಿಸಿದವರು ಬೇರೆ.

ಕಂಪನಿಯ ಕ್ಯಾಲೆಂಡರಿಗೆ ಒಂದು ಚಿತ್ರ ಬೇಕಿತ್ತು.
ರಾತ್ರಿಪಾಳಿ ಗಣಿಗೆ ಇಳಿಯುವ ಮೊದಲು, ಶಾಫ್ಟಿನ ಬಾಯಲ್ಲಿ,
ಹನ್ನೊಂದು ಮಂದಿ, ಹನ್ನೊಂದು ಹೆಲ್ಮೆಟ್ಟು,
ಹಣೆಯ ಮೇಲೆ ಹನ್ನೊಂದು ದೀಪ.
ಲೈಟು ಉರೀಲಿ, ಅದೇ ಚೆಂದ, ಎಂದಿದ್ದರು ಸಾಹೇಬರು
ಜೀಪಿನ ಕಿಟಕಿ ನಾಲ್ಕು ಬೆರಳು ಇಳಿಸಿ.

ನೇರ ಇಲ್ಲೇ ನೋಡ್ರಿ, ಎಂದೆ.
ನೋಡಿದರು.
ಚಿತ್ರದಲ್ಲಿ ಮುಖವೇ ಇಲ್ಲ!
ಹನ್ನೊಂದು ಬಿಳಿ ತೂತು,
ಒಂದರಿಂದ ಹೊರಟ ಗೆರೆ ಇನ್ನೊಂದರ ಕುತ್ತಿಗೆ ಕೊಯ್ದು,
ನಡುವೆ ಹಸಿರು ಬಿಲ್ಲೆಗಳು, ಯಾರದೋ ಎದೆಯ ಮೇಲೆ
ಬಾವಿಯ ಪಾಚಿ ತೇಲಿದಂತೆ.

ಗಾಜು ಒರೆಸಿದೆ. ಮುಂದಿನ ಫಿಲ್ಟರು ಬಿಚ್ಚಿ ಜೇಬಿಗಿಟ್ಟೆ.
ಕೈ ಅಡ್ಡ ಹಿಡಿದೆ, ಯಾವ ದೀಪಕ್ಕೆಂದು ಹಿಡಿಯಲಿ?
ಒಂದು ಹೆಜ್ಜೆ ಸರಿದೆ,
ಹನ್ನೊಂದು ತಲೆಯೂ ನನ್ನ ಜೊತೆ ತಿರುಗಿದವು,
ಹೊಲದ ಸೂರ್ಯಕಾಂತಿ ತಿರುಗಿದಂತೆ.

ಸಾಲಿನ ತುದಿಯ ಹುಸೇನಪ್ಪ ನಕ್ಕ.
"ತಮ್ಮಾ, ನೇರ ನೋಡ್ರಿ ಅಂದಿ, ನೋಡೀವಿ.
ನಮ್ಮ ಪದ್ಧತಿ ಅದಲ್ಲ.
ಕೆಳಗ ಯಾರ ಮಾರಿಗೂ ಮಾರಿ ಕೊಟ್ಟು ಮಾತಾಡಂಗಿಲ್ಲ,
ಎದುರಿನಾವ ಒಂದ್ ಗಳಿಗಿ ಕುರುಡಾಗ್ತಾನ,
ಆ ಗಳಿಗ್ಯಾಗ ಕಾಲಬುಡಕ ಏನಿರ್ತದೋ ಯಾರಿಗ್ ಗೊತ್ತು.
ಹೆಗಲು ನೋಡಿ ಮಾತಾಡ್ತೀವಿ. ಇಲ್ಲಾ ಕಿವಿ."

ಹಾಗೇ ನಿಂತರು ಆಮೇಲೆ, ನಾನು ಹೇಳದೆ:
ಗದ್ದ ತುಸು ಕೆಳಗೆ, ಕತ್ತು ತುಸು ವಾರೆ.
ಬೆಳಕು ಪಕ್ಕದವನ ತೋಳಿಗೆ ಇಳಿದು
ಅಲ್ಲಿಂದ ಮೆಲ್ಲಗೆ ಅವನ ಮುಖಕ್ಕೆ ಹಬ್ಬಿತು.
ಮೀಸೆ ಬಂತು, ಸಿಡುಬಿನ ಕಲೆ ಬಂತು,
ಪಾಮಯ್ಯನ ಹರಿದ ಕಿವಿ ಬಂತು,
ಹೊಸ ಹುಡುಗ ಮೌನೇಶನ ಹೆದರಿಕೆಯೂ ಬಂತು.
ಗೆರೆ ಒಂದೂ ಇಲ್ಲ.

ಕೆಟ್ಟ ಚಿತ್ರ ಅಳಿಸಲಿಲ್ಲ. ಅಂಗಡಿ ಮುಚ್ಚಿದ ಮೇಲೆ
ಕಂಪ್ಯೂಟರಿನಲ್ಲಿ ಅದನ್ನು ತಿಕ್ಕಿ ನೋಡಿದೆ,
ಪಕ್ಕದ ಕತ್ತಲೆ ತಂದು ತೇಪೆ ಹಾಕಿದೆ.
ಗೆರೆ ಹೋಯಿತು. ಬಿಳಿಯ ಅಡಿಯಲ್ಲಿ ಮುಖ ಸಿಗಲಿಲ್ಲ.
ಕತ್ತಲಾದರೆ ಕೆದಕಬಹುದು, ಮೂಗಿನ ಅಂಚಾದರೂ ಏಳುತ್ತದೆ.
ಬೆಳಕು ಉಕ್ಕಿದ ಕಡೆ ಏನೂ ಉಳಿದಿರುವುದಿಲ್ಲ.

ಮೂರನೇ ದಿನ ಒಳ್ಳೆಯದೂ ವಾಪಸು ಬಂತು:
ಯಾರೂ ಕ್ಯಾಮೆರಾ ನೋಡುತ್ತಿಲ್ಲ, ಮತ್ತೆ ತೆಗೆಯಿರಿ, ಹಗಲಿನಲ್ಲಿ.
ತೆಗೆದೆ. ಬೇವಿನ ಮರದ ಕೆಳಗೆ, ದೀಪ ಆರಿಸಿ,
ಸ್ಟೋರಿನಿಂದ ತಂದ ಹೊಸ ಹೆಲ್ಮೆಟ್ಟು ತೊಡಿಸಿ.
ಆಗಸ್ಟ್ ತಿಂಗಳ ಮೇಲೆ ಈಗ
ಹನ್ನೊಂದು ಮಂದಿ ನೇರ ದಿಟ್ಟಿಸುತ್ತಾರೆ,
ಗುರುತಿನ ಚೀಟಿಯವರಂತೆ.

ರಾತ್ರಿಯ ಚಿತ್ರದ ಪ್ರತಿ ಕೇಳಿ ಬಂದವಳು ಹುಲಿಗೆಮ್ಮ,
ಹುಸೇನಪ್ಪನ ಹೆಂಡತಿ. ಟ್ಯೂಬ್‌ಲೈಟಿನ ಕೆಳಗೆ ಹಿಡಿದು
ಬಹಳ ಹೊತ್ತು ನೋಡಿದಳು.
"ಇಪ್ಪತ್ತಾರು ವರ್ಷ ಜಗಳಾಡೀನಿ ಇದಕ್ಕ.
ಉಣ್ಣಾಕ ನೀಡೂ ಮುಂದ ಒಂದ್ ದಿನ ಮಾರಿ ನೋಡಲಿಲ್ಲ,
ಯಾವಾಗ ನೋಡಿದ್ರೂ ನನ್ನ ಕಿವಿ ಮ್ಯಾಲ ಕಣ್ಣು.
ಬೆಂಡೋಲಿ ಮಾಡಿಸ್ತಾನೇನೋ ಅಂತ ಕಾದೆ."

ದೀಪದ ವಿಷಯ ಹೇಳಿದೆ.
ಸುಮ್ಮನಿದ್ದಳು. ಆಮೇಲೆ,
"ಮನ್ಯಾಗ ಹಣಿ ಮ್ಯಾಲ ದೀಪ ಇರಂಗಿಲ್ಲಲ್ಲ," ಅಂದಳು.
ರೊಕ್ಕ ಎಣಿಸಿ ಕೊಟ್ಟಳು. ಹತ್ತು ಕಡಿಮೆ ಇತ್ತು, ಕೇಳಲಿಲ್ಲ.
ಹೊಸ್ತಿಲು ದಾಟಿದ್ದೇ ಬಿಸಿಲು ಮುಖಕ್ಕೆ ಬಡಿಯಿತು.
ಚಿತ್ರವನ್ನೇ ಹುಬ್ಬಿಗೆ ಅಡ್ಡ ಹಿಡಿದು
ಬಸ್ಸಿನ ಬೋರ್ಡು ಓದಿದಳು.