ಪೂರ್ತಿ ಕಪ್ಪು

ಮೂವತ್ತೊಂದು ವರ್ಷ
ಮದುವೆ ಕಾಗದ, ಕ್ಯಾಲೆಂಡರು, ಚಿಟ್‌ಫಂಡಿನ ರಶೀದಿ
ಹಂಪನಕಟ್ಟೆಯ ಒಂದು ಮಾಳಿಗೆಯಡಿ ಅಚ್ಚು ಹಾಕಿದವ ನಾನು,
ಸಿಪ್ರಿಯಾನ್ ಪಿಂಟೊ.
ಪ್ರೆಸ್ಸು ಮುಚ್ಚಿತು. ಯಂತ್ರ ಗುಜರಿಗೆ ತೂಕದಲ್ಲಿ ಹೋಯಿತು.
ಆಗ ಬಂದಳು ಈ ಮಿಸ್ರಿಯಾ,
ಕೊಣಾಜೆಯಲ್ಲಿ ಓದಿ ಬೈಕಂಪಾಡಿಯಲ್ಲಿ ಶೆಡ್ಡು ಹಿಡಿದವಳು:
"ಸಿಪ್ರಿಯಣ್ಣ, ವಿಜ್ಞಾನಿ ಬೇಡ, ಆ ಜನ ಉಂಟು.
ರೋಲಿನ ಮೇಲೆ ಶಾಯಿ ಸಮ ಓಡಿಸುವ ಕೈ ಬೇಕು."

ಶಾಯಿಯೆಂದರೆ ಎಂಥ ಶಾಯಿ!
ಬಾಟಲಿಯಲ್ಲಿ ಹಳದಿ, ಅರಶಿನ ಕದಡಿದ ಹಾಗೆ.
ಹಾಳೆಯ ಮೇಲೆ ಹರಿದು, ಗಾಳಿಯ ಅಲಗು ತಾಗಿ,
ಬಿಸಿ ಹಲಗೆ ದಾಟುವಾಗ ಕಣ್ಣೆದುರೇ ಕಂದು, ಮತ್ತೆ ಕಪ್ಪು.
ತಲೆಕೂದಲನ್ನು ನೂರೈವತ್ತು ಸೀಳು ಮಾಡಿದರೆ
ಒಂದು ಸೀಳಿನಷ್ಟು ದಪ್ಪ.
ಪೆರೋವ್‌ಸ್ಕೈಟು ಅಂತ ಹೆಸರು.
ಒಂದು ವಾರ ನನ್ನ ನಾಲಗೆಗೆ ಹತ್ತಲಿಲ್ಲ,
ಈಗಲೂ ‘ಪರೋಸ್ಕಿ’ ಎನ್ನುತ್ತೇನೆ,
ದೂರದ ನೆಂಟನನ್ನು ಕರೆದಂತೆ.

ಚೀನಾದವರು ಸಿಲಿಕಾನಿನ ಬೆನ್ನ ಮೇಲೆ ಇದನ್ನು ಕೂರಿಸಿ
ಬಿದ್ದ ಬಿಸಿಲಿನ ನೂರರಲ್ಲಿ ಮೂವತ್ತನಾಲ್ಕು ಪಾಲು ಕರೆಂಟು ಮಾಡಿದ್ದಾರಂತೆ.
"ಉಗುರಿನಷ್ಟಗಲ ತುಂಡಿನಲ್ಲಿ," ಎಂದು ಅವಳೇ ತಿದ್ದುತ್ತಾಳೆ.
ನಮ್ಮದು ಹನ್ನೊಂದು. ಆದರೆ ನಮ್ಮದು ಒಂದೂವರೆ ಮೀಟರು.
ಉಗುರಿಗೂ ಮೀಟರಿಗೂ ನಡುವೆ ಇರುವುದಕ್ಕೇ
ಅವಳು ಸಾಲ ಮಾಡಿದ್ದು, ನನಗೆ ಸಂಬಳ ಬರುವುದು.

ವೈರಿ ನನಗೆ ಹಳೆಯ ಪರಿಚಯದವನೇ: ತೇವ.
ಜೂನ್ ತಿಂಗಳಲ್ಲಿ ಕಾಗದ ಉಬ್ಬಿ
ದೇವಿಯ ತುಟಿಯ ಕೆಂಪು ಗಲ್ಲಕ್ಕೆ ಜಾರುತ್ತಿತ್ತು;
ಎಷ್ಟು ಕ್ಯಾಲೆಂಡರು ಅಂಗಡಿಯ ಪೊಟ್ಟಣವಾದವೋ!
ಇಲ್ಲಿ ತೇವ ತಾಗಿದರೆ ಕಪ್ಪು ಮತ್ತೆ ಹಳದಿ.
ಬಂದ ದಾರಿಯಲ್ಲೇ ವಾಪಸು.
"ಈ ಕಡಲ ಬದಿಯಲ್ಲೇ ಯಾಕೆ ಮಾರಾಯ್ತಿ,
ಜೈಸಲ್ಮೇರಿಗೆ ಹೋಗಬಾರದಾ?"
"ಇಲ್ಲಿ ಬದುಕಿದ್ದು ಎಲ್ಲಿಯೂ ಬದುಕೀತು."
ಹೌದೆನ್ನಿಸಿತು. ನಾನೂ ಇಲ್ಲಿಯೇ ಅಲ್ಲವೇ.

ಇನ್ನೊಂದು ಹಳೆಯ ಪರಿಚಯ ಉಂಟು. ಸೀಸ.
ಅಪ್ಪ ಮೊಳೆ ಜೋಡಿಸುತ್ತಿದ್ದವರು,
ಬೆರಳ ತುದಿ ಸದಾ ಬೂದಿ ಬಣ್ಣ:
"ಸೀಸ ಮುಟ್ಟಿದ ಕೈ ಎರಡು ಸಲ ತೊಳೆಯದೆ ಗಂಜಿ ಮುಟ್ಟಬೇಡ."
ಅದೇ ಸೀಸ ಈ ಕಪ್ಪಿನೊಳಗೂ ಕೂತಿದೆಯೆಂದು ತಿಳಿದ ದಿನ ಕೇಳಿದೆ:
ಹರಿದರೆ? ಮಳೆ ಬಿದ್ದರೆ? ಬಾವಿಗೆ ಇಳಿದರೆ?
ಏನೂ ಆಗುವುದಿಲ್ಲ ಎನ್ನಲಿಲ್ಲ ಅವಳು.
ಸೀಸವನ್ನು ಹಿಡಿದಿಡುವ ಅಂಟುಪದರ ತೋರಿಸಿ,
"ಹೆಚ್ಚುಪಾಲು ಇಲ್ಲೇ ನಿಲ್ಲುತ್ತದೆ.
ಉಳಿದದ್ದನ್ನು ನೆನೆದರೆ ನಿದ್ದೆ ಬರುವುದಿಲ್ಲ," ಎಂದಳು.
ಆ ಉತ್ತರಕ್ಕೇ ನಾನು ಕೆಲಸಕ್ಕೆ ನಿಂತದ್ದು.

ಪರೀಕ್ಷೆಯ ಪೆಟ್ಟಿಗೆಯೊಳಗೆ
ಎಂಬತ್ತೈದು ಡಿಗ್ರಿ ಸೆಕೆ, ನೂರಕ್ಕೆ ಎಂಬತ್ತೈದು ತೇವ, ಸಾವಿರ ಗಂಟೆ.
ಮೇ ತಿಂಗಳ ಮಧ್ಯಾಹ್ನ ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ ಬಸ್ಸು,
ಅದೂ ನಿಂತುಕೊಂಡು.
ಲೆಕ್ಕ ಹಾಕಿದೆ: ನಲ್ವತ್ತೆರಡು ದಿನ,
ಹೆಚ್ಚುಕಡಿಮೆ ನಮ್ಮ ತಪಸ್ಸುಕಾಲ.
ಆರುನೂರ ಹದಿಮೂರನೆಯ ಗಂಟೆಗೆ
ಬಲಮೂಲೆಯಲ್ಲಿ ಹಳದಿ, ಅಕ್ಕಿಕಾಳಿನಷ್ಟು.

ಅವಳು ರಸಾಯನದ ಪಟ್ಟಿ ಹಿಡಿದು ಕೂತಳು.
ನಾನು ಭೂತಗನ್ನಡಿಯಲ್ಲಿ ಅಂಚು ನೋಡಿದೆ.
ಪುಸ್ತಕ ಹಾಳಾಗುವುದು ಮುಖಪುಟದಿಂದಲ್ಲ, ಬೆನ್ನಿನಿಂದ;
ಗೋಂದು ಬಿಟ್ಟಲ್ಲಿ ಹುಳಕ್ಕೆ ಬಾಗಿಲು.
ಅಂಚನ್ನು ಎರಡು ಸಲ ಮಡಚಿ ಒತ್ತೋಣ, ಎಂದೆ.
ಪಟ್ಟಿಯಿಂದ ತಲೆಯೆತ್ತಿ
ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದಳು.

ಹೊಸ ತುಂಡು ಈಗ ಏಳುನೂರ ನಲ್ವತ್ತರಲ್ಲಿ ಉಂಟು.
ಸಾವಿರ ಮುಟ್ಟೀತೋ, ಗೊತ್ತಿಲ್ಲ.
ಮನೆಗೆ ಬಂದು ಕೈ ಎರಡು ಸಲ ತೊಳೆದೆ.
ಸೆವ್ರಿನ್ ಕೇಳಿದಳು: "ಇವತ್ತು ಎಂತ ಅಚ್ಚು ಹಾಕಿದ್ದು?"
"ಒಂದೂವರೆ ಮೀಟರು. ಪೂರ್ತಿ ಕಪ್ಪು. ಒಂದಕ್ಷರ ಇಲ್ಲ."
"ಅಯ್ಯೋ, ಹಾಳಾಯ್ತಾ?"
"ಇಲ್ಲ," ಎಂದೆ, "ಸರಿಯಾದದ್ದು."