ದುರ್

ರೈಲ್ವೆ ಗೇಟು ಬಿದ್ದಿದೆ. ಗೂಡ್ಸು ಬರಬೇಕು.
ಮೊದಲ ಶಿಫ್ಟಿನ ಬಸ್ಸಿನಲ್ಲಿ ಐವತ್ತೆರಡು ಜನ,
ಅಷ್ಟೇ ಡಬ್ಬಿ, ಹುಚ್ಚೆಳ್ಳು ಚಟ್ನಿಯ ವಾಸನೆ.
ಹಿಂದಿನ ಸೀಟಿನ ಹೊಸ ಹುಡುಗಿ ಕೇಳುತ್ತಾಳೆ:
"ಇಸ್ತಾಂಬುಲ್ ಹೆಂಗಿತ್ತು ಮೇಡಂ?"
ದೊಡ್ಡದು, ಅನ್ನುತ್ತೇನೆ.
ಸಾಕಮ್ಮ ಕಿಟಕಿ ಕಡೆ ತಿರುಗಿ ಕೂರುತ್ತಾಳೆ.

ದೊಡ್ಡದೇ.
ಹಾಸನವನ್ನು ಮಡಿಚಿ ಅದರ ಜೇಬಿಗೆ ಹಾಕಿದರೆ
ಆಮೇಲೆ ತಡಕಿದರೂ ಸಿಗಲಿಕ್ಕಿಲ್ಲ.
ಹಾಸುಬಟ್ಟೆಯ ಅಂಚು ಮಡಿಚುವ ಹೊಸ ಮಿಷನ್ನು ಕಲಿಯಲು
ಕಂಪನಿ ಕಳಿಸಿತ್ತು ಹತ್ತು ದಿನ:
ನಾನು, ಸಾಕಮ್ಮ, ಶಕೀರಾ, ಮೆಕ್ಯಾನಿಕ್ಕು ದ್ಯಾವರಾಜು.
ಹಗಲೆಲ್ಲ ಅಲ್ಲೂ ಫ್ಯಾಕ್ಟರಿ,
ಅದೇ ಟ್ಯೂಬ್‌ಲೈಟು, ಮೂಗಿನಲ್ಲಿ ಅದೇ ಹತ್ತಿಯ ಧೂಳು.
ಐದರ ಮೇಲೆ ಊರು ನಮ್ಮದು.

ಮೊದಲ ಸಂಜೆ ಹೋಟೆಲಿನ ಮೆಟ್ಟಿಲು ಬಿಟ್ಟು ಕದಲಲಿಲ್ಲ.
ಎರಡನೆಯ ಸಂಜೆ ಒಂದು ಬೆಕ್ಕಿನ ಹಿಂದೆ ಹೋದೆವು.
ಬೆಕ್ಕು ಅಡ್ಡ ಬಂದರೆ ನಿಂತುಬಿಡುವ ದ್ಯಾವರಾಜು
ಆ ಊರಿನಲ್ಲಿ ಹಾಗೆ ನಿಂತರೆ
ರಿಟೈರಾಗುವ ತನಕ ನಿಲ್ಲಬೇಕಿತ್ತು.

ಮೂರನೆಯ ಸಂಜೆ ದಾರಿ ತಪ್ಪಿತು.
ಟ್ರಾಮು ಇಳಿದದ್ದು ಎಲ್ಲೋ. ಫೋನು ಸತ್ತಿತ್ತು.
ಮೂಲೆ ಮೂಲೆಗೆ ಕೆಂಪು ಹಲಗೆ: ದುರ್.
ನಿಲ್ಲು ಅಂತ ಅರ್ಥ ಅಂತೆ.
ನಮ್ಮಲ್ಲಿ ದುರ್ ಒಂದೇ ನಿಲ್ಲಲಾರದು,
ಮುಂದೆ ಏನಾದರೂ ಬೇಕು, ದಿನವೋ, ಗಂಧವೋ, ಬುದ್ಧಿಯೋ.
ನಲವತ್ತು ಜನರನ್ನು ಒಂದು ಬೆರಳಲ್ಲಿ ನಡೆಸುವವಳು
ರಸ್ತೆ ದಾಟಲಾರದೆ ನಿಂತೆ.
ಸಾಕಮ್ಮ ಬಂದು ಕೈ ಹಿಡಿದಳು:
"ಬಾ ಕುಸುಮಿ, ನೋಡ್ಕಂಡ್ ನಡಿ."

ಬಾ. ನಡಿ. ಕುಸುಮಿ.
ಅವ್ವ ಹೋದಮೇಲೆ ಆ ಹೆಸರಿಗೆ ಬಾಯಿರಲಿಲ್ಲ.

ರಸ್ತೆಯಾಚೆ ಗಲ್ಲಿ ತುಂಬ ಹೊಲಿಗೆ ಮಿಷನ್ನಿನ ಅಂಗಡಿ,
ಊರನ್ನೇ ಬಿಚ್ಚಿ ಹರವಿಟ್ಟ ಹಾಗೆ:
ಬೆಲ್ಟು, ಗಾಲಿ, ಹಲ್ಲು, ಡಬ್ಬಗಟ್ಟಲೆ ಸೂಜಿ,
ಎಣ್ಣೆ ಕುಡಿದು ಕಪ್ಪಾದ ಬೆರಳಿನ ಮುದುಕರು.
ಸಾಕಮ್ಮ ಬಾಬಿನ್ ಕೇಸೊಂದನ್ನು ಕಿವಿಯ ಬಳಿ ಅಲ್ಲಾಡಿಸಿ
ತುಟಿ ಕೊಂಕಿಸಿದಳು,
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಹುಳುಕು ಬದನೆಕಾಯಿಗೆ
ಕೊಂಕಿಸುವ ಹಾಗೇ.
ಮುದುಕ ನಕ್ಕ. ಒಳಗಿನಿಂದ ಒಳ್ಳೆಯದು ತಂದ.
ಯಾವೂರು ಎಂದು ಕೈಯಲ್ಲೇ ಕೇಳಿದ.
ಹಾಸನ, ಅಂದೆವು.
ಎದೆ ತಟ್ಟಿಕೊಂಡ. "ಹಸನ್!"
ಅವನ ಹೆಸರೇ ಅದಂತೆ.
ಅವನೊಳಗಿನಿಂದಲೇ ಬಂದವರು ಅಂದುಕೊಂಡನೋ ಏನೋ,
ಪುಟಾಣಿ ಗಾಜಿನಲ್ಲಿ ಚಾಯ್ ತರಿಸಿದ, ದುಡ್ಡು ಮುಟ್ಟಲಿಲ್ಲ.
ಪರದೆ ಅವರಲ್ಲೂ ಪರದೆ, ದುನಿಯಾ ದುನಿಯಾ,
ಶಕೀರಾ ಒಂದೊಂದೇ ಹೆಕ್ಕಿ
ನಮ್ಮ ಕೈಗೆ ಕೊಡುತ್ತಿದ್ದಳು.

ವಾಪಸು ದೋಣಿಯಲ್ಲಿ ಗಾಳಿಗೆ ನನ್ನ ತುರುಬು ಬಿಚ್ಚಿತು.
ಪಿನ್ನು ಹಲ್ಲಲ್ಲಿ ಕಚ್ಚಿಕೊಂಡು ಸಾಕಮ್ಮ ಕಟ್ಟಿದಳು.
ಅತ್ತ ಒಂದು ಖಂಡ, ಇತ್ತ ಒಂದು ಖಂಡ,
ನಡುವೆ ದೀಪದ ಟಾಕು ಹಾಕಿದ ಸೇತುವೆ.
"ಹೊಲಿಗೆ ಸಡಿಲ" ಅಂದಳು.
"ರಿಜೆಕ್ಟ್" ಅಂದೆ.
ಪಕ್ಕದ ಬೆಂಚಿನವರಿಗೂ ನಗು ಅಂಟಿತು,
ಯಾಕೆಂದು ಅವರಿಗೆ ಗೊತ್ತಿಲ್ಲದಿದ್ದರೂ.

ಗೂಡ್ಸು ಹೋಗುತ್ತದೆ. ಮೂವತ್ತೆಂಟು ಡಬ್ಬಿ, ಎಣಿಸಿದೆ.
ಫ್ಯಾಕ್ಟರಿಯ ಬಾಗಿಲಲ್ಲಿ ಕಾರ್ಡು ಕೀಂ ಅನ್ನುತ್ತದೆ.
"ಗುಡ್ ಮಾರ್ನಿಂಗ್ ಮೇಡಂ" ಅನ್ನುತ್ತಾಳೆ ಸಾಕಮ್ಮ.
ನಾನು ತಲೆಯಾಡಿಸುತ್ತೇನೆ. ಇನ್ನೇನು ಮಾಡಲಿ.

ಹತ್ತೂವರೆಗೆ ಅವಳ ಕಟ್ಟಿನಿಂದ ಆರು ಪೀಸು ವಾಪಸು.
ಅಂಚು ಸಡಿಲ.
ಎಲ್ಲರೆದುರು ಕೇಳಬೇಕು. ಕೇಳುತ್ತೇನೆ,
ಬೇಕಾದದ್ದಕ್ಕಿಂತ ಒಂದು ಮಾತು ಹೆಚ್ಚೇ.
ಅವಳು ತಲೆ ತಗ್ಗಿಸಿ ದಾರ ಬಿಚ್ಚುತ್ತಾಳೆ.

ಅಷ್ಟರಲ್ಲಿ ಹೊಸ ಮಿಷನ್ನು ದಾರ ನುಂಗಿ ನಿಲ್ಲುತ್ತದೆ.
ಭಾಷೆ ಬದಲಿಸಲು ದ್ಯಾವರಾಜು ಮರೆತಿದ್ದಾನೆ,
ಗಾಜಿನ ಮೇಲೆ ಕೆಂಪಗೆ ಮೂರೇ ಅಕ್ಷರ.
ಹುಡುಗಿಯರು ಸುತ್ತ ಸೇರಿ ಏನಿದು, ಏನಿದು ಅನ್ನುತ್ತಾರೆ.
ಈ ಶಿಫ್ಟಿನಲ್ಲಿ ಅದನ್ನು ಓದಬಲ್ಲವರು ಇಬ್ಬರೇ.

ಸಾಕಮ್ಮ ಓದುತ್ತಾಳೆ.
ಅವಳ ಹೆಗಲ ಮೇಲಿಂದ ಬಗ್ಗಿ
ನಾನೂ.