ಅವರ ಹಾಗೇ ಕೇಳಿಸಬೇಕು

ಪುಕಾಲ್ಪದ ಬಂದರಿನ ಹಿಂದೆ
ಮೀನು ಒಣಗಿಸುವವರ ಸಾಲಿನಲ್ಲಿ ನನ್ನದೊಂದು ಅಂಗಡಿ.
ಬಾಗಿಲಿಲ್ಲ, ಒಂದು ತಗಡು:
ಎತ್ತಿ ಕಟ್ಟಿದರೆ ನೆರಳು, ಇಳಿಸಿದರೆ ಬೀಗ.
ರೇಡಿಯೊ, ಫ್ಯಾನು, ಇಸ್ತ್ರಿಪೆಟ್ಟಿಗೆ, ಏನು ತಂದರೂ ಬೆಸೆದು ಕೊಡುತ್ತೇನೆ.
ಶನಿವಾರ ಮಾತ್ರ ಗಿಟಾರಿನ ಹುಡುಗರ ದಿನ.

ಬರುವವರದೆಲ್ಲ ಒಂದೇ ಹಟ:
"ದೋನ್ಯಾ ಎರ್ಮೆಲಿಂದಾ,
ದೋನ್ ಎಲೆಯುತೇರಿಯೊ ಅವರ ಹಾಗೇ ಕೇಳಿಸಬೇಕು."

ಆತ ತೀರಿಕೊಂಡು ಇಪ್ಪತ್ತೆರಡು ವರ್ಷ.
ಇವರಲ್ಲಿ ಹಿರಿಯನಿಗೆ ಹತ್ತೊಂಬತ್ತು.
ಆದರೂ ಆತನ ಹಳದಿ ಅಂಗಿ,
ಗಿಟಾರನ್ನು ಎದೆಯೆತ್ತರಕ್ಕೆ ಬಿಗಿಯುತ್ತಿದ್ದ ಪಟ್ಟಿ,
ಒಳಕ್ಕೆ ಮಡಚಿಟ್ಟ ಕಿರುಬೆರಳು
ಇವರಿಗೆ ಬಾಯಿಪಾಠ, ಕೈಪಾಠ.

ವಾಗ್ನರ್ ತುಯೆಸ್ತಾ ತನ್ನ ಮಾವನ ದೋಣಿಯ ಮೋಟಾರು ಮಾರಿ
ಅಂಥದೇ ಕೆಂಪು ಜಪಾನಿ ಗಿಟಾರು ತಂದ.
ಅಂಟು ಬಿಟ್ಟಿದೆ, ಮೂರನೇ ತಂತಿ ಶ್ರುತಿಯಲ್ಲಿ ನಿಲ್ಲದು.
"ಅವರದೂ ನಿಲ್ಲುತ್ತಿರಲಿಲ್ಲವಂತೆ!"
ಹೇಳುವಾಗ ಮುಖ ಊರಗಲ.

ಇನ್ನೊಬ್ಬ ಹೊಚ್ಚಹೊಸ ಸ್ಪೀಕರು ಮೇಜಿನ ಮೇಲಿಟ್ಟು
ಕೈಗೆ ಬ್ಲೇಡು ಕೊಟ್ಟ.
"ಹರಿಯಿರಿ. ಇಷ್ಟುದ್ದ.
ಕ್ಯಾಸೆಟ್ಟಿನ ಎರಡನೇ ಹಾಡಲ್ಲಿದೆಯಲ್ಲ, ಆ ಕರಕರ ಬೇಕು."
ಹರಿದೆ. ಹನ್ನೆರಡು ಸೋಲ್ ಎಣಿಸಿಕೊಂಡೆ.
ಕೆಡಿಸುವುದಕ್ಕೂ ಕೂಲಿ ಉಂಟು.

ಹೇಳಿಬಿಡಲೇ ಇವರಿಗೆ?

ಆ ವರ್ಷ ಉಕಯಾಲಿ ನದಿ ಕೇಳದೆ ಮನೆಯೊಳಗೆ ಬಂತು.
ಆತನ ಆಂಪ್ಲಿಫೈಯರು ಎರಡು ರಾತ್ರಿ ಸೊಂಟದುದ್ದ ನೀರಿನಲ್ಲಿ ನಿಂತಿತು.
ಸ್ಪೀಕರಿನ ಕಾಗದ ನೆನೆದ ರೊಟ್ಟಿ.
ತಲೆಯ ಮೇಲೆ ಹೊತ್ತು ಅಪ್ಪನ ಬಳಿ ತಂದ.
ನಾನು ಒಂಬತ್ತರವಳು, ಬಿಚ್ಚಿದ ಸ್ಕ್ರೂಗಳನ್ನು
ತಟ್ಟೆಯಲ್ಲಿ ಕಾಯುತ್ತ ಕೂತಿದ್ದೆ.
"ಹೊಸದು ಹಾಕಿಸು," ಅಂದ ಅಪ್ಪ.
ಆತ ಎರಡೂ ಜೇಬು ಹೊರಗೆಳೆದು ತೋರಿಸಿದ:
ಅರ್ಧ ಸಿಗರೇಟು, ಬಸ್ಸಿನ ಚೀಟಿ.
ಅಮ್ಮನ ಉಗುರುಬಣ್ಣದಿಂದ ಅಂಟಿಸಿದೆವು. ನಿಲ್ಲಲಿಲ್ಲ.
"ಸೋಮವಾರ ರೆಕಾರ್ಡಿಂಗು. ಮರ್ಯಾದೆ ಹೋಯಿತು," ಎಂದು
ಮತ್ತೆ ತಲೆಯ ಮೇಲೆ ಹೊತ್ತು ಹೋದ.

ಕಿರುಬೆರಳೋ?
ಕ್ಯಾಸೆಟ್ಟಿನ ಫೋಟೊ ತೆಗೆದ ವಾರ
ಮೀನಿನ ಮುಳ್ಳು ಚುಚ್ಚಿ ಬದನೆಕಾಯಿಯಂತೆ ಊದಿತ್ತು.

ಮತ್ತೆ ಆ ನಡುಕ, ಸ್ವರ ಬಂದು ಬಂದು ಹೋಗುವ ಆ ನಡುಕ,
ಇವರು ಸಾಲ ಮಾಡಿ ಪೆಡಲು ಕೊಳ್ಳುವುದು ಅದಕ್ಕೇ ತಾನೇ?
ಅದು ಆತನದೂ ಅಲ್ಲ.
ನಡುರಾತ್ರಿ, ಕಾಡಿನ ಮೇಲೆ ಹಾದು, ದೂರದ ಯಾವುದೋ ಸ್ಟೇಷನ್ನು;
ಹೆಸರು ಕೂಡ ತಿಳಿಯದ ಒಬ್ಬ ವಾದಕ.
ರೇಡಿಯೊದಲೆ ಸೋತು ಸೋತು ಏಳುವುದನ್ನು
ಬೆರಳಿನ ಕಸುಬು ಎಂದುಕೊಂಡ ನಮ್ಮ ದೋನ್ ಎಲೆಯುತೇರಿಯೊ
ಮೂರು ವರ್ಷ ಕೂತು ಸಾಧಿಸಿದ
ಆಕಾಶ ಸುಮ್ಮನೆ ಮಾಡುವುದನ್ನು
ಮಣಿಕಟ್ಟಿನಲ್ಲಿ.

ನಿನ್ನೆ ಕರೆಂಟು ಹೋಗಿತ್ತು.
ವಾಗ್ನರ್ ಸ್ಟೂಲಿನ ಮೇಲೆ ಕೂತು, ಪೆಡಲಿಲ್ಲ, ಆಂಪ್ಲಿಫೈಯರಿಲ್ಲ,
ಬರಿಯ ತಂತಿಯಲ್ಲಿ ಆ ಎರಡನೇ ಹಾಡು ಹುಡುಕುತ್ತಿದ್ದ.
ನಾಲ್ಕನೇ ಮೆಟ್ಟಿಲಲ್ಲಿ ಜಾರಿ
ಇನ್ನೆಲ್ಲಿಗೋ ಇಳಿದ; ನಾನು ಕೇಳಿರದ ಕಡೆಗೆ.
ಮೀನಿನವಳೂ ಒಮ್ಮೆ ಕತ್ತೆತ್ತಿದಳು.
"ಛೆ, ತಪ್ಪಿತು," ಎಂದು ನಾಲಿಗೆ ಕಚ್ಚಿ
ಮೊದಲಿಂದ ಶುರುಮಾಡಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಬಂತು.
ಬೆಸುಗೆ ಕಡ್ಡಿ ಕೈಗೆತ್ತಿಕೊಂಡೆ, ಅಪ್ಪನದೇ,
ಹಿಡಿ ಸುಟ್ಟು ಬಟ್ಟೆ ಸುತ್ತಿದ್ದು.
ಲೀಮಾದಿಂದ ತರಿಸಿದ ಹೊಸದು ಡಬ್ಬದಲ್ಲೇ ಇದೆ.

"ಅದರ ತುದಿಗೆ ಯಾಕೆ ಎರಡು ಸಲ ಊದುತ್ತೀರಿ?" ಅಂದ ಹುಡುಗ.

ಯಾರೂ ಕೇಳಿರಲಿಲ್ಲ.
ಅಪ್ಪ ಕೆಲಸ ಕಲಿತದ್ದು ಇದ್ದಿಲ ಕೆಂಡದಲ್ಲಿ ಕಾಸುವ ಕಾಲಕ್ಕೆ;
ತುದಿಗೆ ಬೂದಿ ಹತ್ತುತ್ತಿತ್ತು, ಊದಲೇಬೇಕಿತ್ತು.
ಕರೆಂಟಿನ ಕಡ್ಡಿಗೆ ಎಲ್ಲಿಯ ಬೂದಿ?

"ಸುಮ್ಮನೆ ಕೂರು," ಅಂದೆ.
ಎರಡು ಸಲ ಊದಿ
ತಂತಿಗೆ ಮುಟ್ಟಿಸಿದೆ.